ಆರು ಟಿಕ್ಕಿನ ವರ

ಕಂಪ್ಯೂಟರ್ ಎಂದರೆ ನನಗೆ ಹೆದರಿಕೆಯಿಲ್ಲ. ಸ್ವಲ್ಪ ಇದ್ದಿದ್ದರೆ ಒಳ್ಳೆಯದಿತ್ತು ಎಂದು ನನ್ನ ಹೆಂಡತಿ ಶಾರದೆ ಹೇಳುತ್ತಾಳೆ.

ಸೊಸೈಟಿಯ ಗುಮಾಸ್ತಿಕೆಯಿಂದ ನಿವೃತ್ತನಾಗಿ ಬೀಜಾಡಿಯ ಮನೆಯಲ್ಲಿ ಕುಳಿತ ಮೇಲೆ ಮೊದಲ ಕೆಲವು ತಿಂಗಳು ಸ್ವರ್ಗಸುಖ ಅನುಭವಿಸಿದೆ. ಆಮೇಲೆ ಕೈ ತುರಿಸತೊಡಗಿತು. ಒಂದು ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟೆ. ಶಾರದೆ ಹೈಸ್ಕೂಲಿನಲ್ಲಿ ಗಣಿತ ಟೀಚರು. ಸಂಜೆ ಬಂದವಳಿಗೆ ಉಪ್ಪು ಸಿಗಲಿಲ್ಲ, ಸಾಸಿವೆ ಸಿಗಲಿಲ್ಲ, ಕೊನೆಗೆ ತಾಳ್ಮೆಯೂ ಸಿಗಲಿಲ್ಲ.

"ಹ್ವಾಯ್, ನಿಮ್ಗೆ ಎಂತಾರೂ ಒಂದ್ ಕೆಲ್ಸ ಬೇಕ್ ಕಾಣಿ. ಮನಿ ಹೊರ್ಗಿಂದ್," ಎಂದಳು.

ಕೆಲಸ ತಾನಾಗಿಯೇ ಬಂತು. ನಮ್ಮ ಊರಿನ ಸಂಘದವರು ಕುಂದಾಪುರದಿಂದ ಬೈಂದೂರಿನವರೆಗೆ, ಇತ್ತ ಬ್ರಹ್ಮಾವರದವರೆಗೆ ಮನೆಮನೆಗೆ ಹೋಗಿ ಫಾರ್ಮು ತುಂಬಿಸಿಕೊಂಡು ಬಂದಿದ್ದರು. ಮನೆಯಲ್ಲಿ ಯಾರ್ಯಾರು, ಏನು ಓದು, ಏನು ಕೆಲಸ, ಮದುವೆ ಆಗಿದೆಯೇ, ಅಭ್ಯಾಸಗಳೇನು, ಹೀಗೆ ಸಕಲ ವಿಚಾರ. ಆ ಕಾಗದದ ಕಟ್ಟುಗಳು ಸಂಘದ ಕಪಾಟಿನಲ್ಲಿ ಗೆದ್ದಲಿನ ದಾರಿ ಕಾಯುತ್ತಿದ್ದವು. ಅವನ್ನು ಕಂಪ್ಯೂಟರಿಗೆ ಹಾಕಿ, ಬೇಕಾದ್ದನ್ನು ಕ್ಷಣದಲ್ಲಿ ಹುಡುಕಿಕೊಡುವ ಯಂತ್ರವೊಂದನ್ನು ರಚಿಸುವ ಮಹತ್ಕಾರ್ಯಕ್ಕೆ ನಾನು ಸ್ವಇಚ್ಛೆಯಿಂದ ಹೆಗಲು ಕೊಟ್ಟೆ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತೆ. ಕಣ್ಣಿನ ನಂಬರು ಹೆಚ್ಚಾಯಿತು, ಆದರೆ ಯಂತ್ರ ತಯಾರಾಯಿತು.

ಇಲ್ಲಿ ನಾನೊಂದು ತೀರ್ಮಾನ ತೆಗೆದುಕೊಂಡೆ. ನಮ್ಮ ಕಡೆ ಯಾರಾದರೂ ಎದುರು ಸಿಕ್ಕಿದರೆ ಹೆಸರು ಕೇಳುವುದು ಆಮೇಲೆ. ಮೊದಲು ಕೇಳುವುದು "ನೀವ್ ಯಾರ್ ಮನಿಯವ್ರ್?" ಎಂದು. ಮನೆ ಗೊತ್ತಾದರೆ ಮನುಷ್ಯ ಗೊತ್ತಾದಂತೆ. ಅದಕ್ಕೆ ನಾನು ಒಬ್ಬೊಬ್ಬ ಮನುಷ್ಯನಿಗೆ ಒಂದು ಸಾಲು ಕೊಡದೆ, ಒಂದು ಮನೆಗೆ ಒಂದು ಸಾಲು ಕೊಟ್ಟೆ. ಓದು ಎಂಬ ಕಂಬದಲ್ಲಿ, ಅಂದರೆ ಕಾಲಮ್ಮಿನಲ್ಲಿ, ಆ ಮನೆಯವರೆಲ್ಲರ ಓದು, ವಯಸ್ಸು ಎಂಬ ಕಂಬದಲ್ಲಿ ಎಲ್ಲರ ವಯಸ್ಸು, ನಡುವೆ ಒಂದೊಂದು ಅಲ್ಪವಿರಾಮ. ಒಂದು ಬುಟ್ಟಿಗೆ ಇಡೀ ಮನೆ ಹಾಕಿದಂತಾಯಿತು. ಎಷ್ಟು ಸುಲಭ, ಎಷ್ಟು ಸಾಂಸ್ಕೃತಿಕ!

ಪರೀಕ್ಷೆಗೆಂದು 'ಬೀಜಾಡಿ, ಎಂ.ಎ.' ಎಂದು ಹೊಡೆದೆ. ಮೊದಲಿಗೆ ನಮ್ಮ ಮನೆಯೇ ಬಂತು. ಎಂ.ಎ. ಶಾರದೆಯದು, ಆದರೆ ಮನೆಯ ಯಜಮಾನ ಎಂಬಲ್ಲಿ ನನ್ನ ಹೆಸರಿತ್ತು. ನೋಡಲು ಬಹಳ ಚೆನ್ನಾಗಿ ಕಂಡಿತು.

ಎಚ್ಚರಿಕೆ ಸಿಕ್ಕಿರಲಿಲ್ಲ ಎನ್ನುವಂತಿಲ್ಲ. ಪಕ್ಕದ ಮನೆಯ ಸುಬ್ಬಣ್ಣನಿಗೆ ತೆಂಗಿನಕಾಯಿ ಕೀಳಲು ಜನ ಬೇಕಿತ್ತು. 'ತೆಂಗಿನಮರ ಹತ್ತುವವರು, ಬೆಳಿಗ್ಗೆ ಬಿಡುವು' ಎಂದು ಹುಡುಕಿ ಒಂದು ಮನೆ ತೋರಿಸಿದೆ. ಸುಬ್ಬಣ್ಣ ಹೋಗಿ ನೋಡಿದರೆ, ಮರ ಹತ್ತುವವನು ಬೆಳಕು ಹರಿಯುವ ಮೊದಲೇ ದೋಣಿಯಲ್ಲಿ ಕಡಲಿಗೆ ಹೋಗಿದ್ದ. ಬೆಳಿಗ್ಗೆ ಬಿಡುವಾಗಿದ್ದವರು ಅವನ ಮಾವ. ಮಂಡಿ ಆಪರೇಶನ್ ಆಗಿ ಈಸಿಚೇರಿನಲ್ಲಿ ಕಾಲು ಚಾಚಿ ಕೂತಿದ್ದರು.

"ಅವ್ರನ್ನ ಮರ ಹತ್ಸುದಾ ಮರಾಯ್ರೆ?" ಎಂದು ಸುಬ್ಬಣ್ಣ ಕೇಳಿದ.

ಫಾರ್ಮು ಸರಿಯಾಗಿ ತುಂಬಿಲ್ಲ, ಜನರಿಗೆ ಶಿಸ್ತಿಲ್ಲ ಎಂದು ನಾನು ವಿಷಾದ ವ್ಯಕ್ತಪಡಿಸಿದೆ. ಯಂತ್ರದ ಮೇಲೆ ಸಂಶಯ ಬರಲಿಲ್ಲ. ಸ್ವಂತ ಮಕ್ಕಳ ಮೇಲೆ ಯಾರಿಗೆ ಬರುತ್ತದೆ?

ಈಗ ಮುಖ್ಯ ವಿಷಯ. ನನ್ನ ಅಕ್ಕ ಬ್ರಹ್ಮಾವರದಲ್ಲಿದ್ದಾಳೆ. ಭಾವ ತೀರಿಹೋಗಿ ಕೆಲವು ವರ್ಷಗಳಾದವು. ಅವಳ ಮಗಳು ಪಲ್ಲವಿ ದಿನಾ ಬಸ್ಸಿನಲ್ಲಿ ಕುಂದಾಪುರಕ್ಕೆ ಬಂದು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ. ಅವಳ ಮದುವೆಯ ಚಿಂತೆಯಲ್ಲಿ ಅಕ್ಕನ ನಿದ್ದೆ ಕೆಟ್ಟಿತ್ತು. ಒಂದೆರಡು ಕಡೆಯವರು ಬಂದು ನೋಡಿ, ಅವಲಕ್ಕಿ ತಿಂದು, 'ತಿಳಿಸುತ್ತೇವೆ' ಎಂದು ಹೋಗಿ ಇನ್ನೂ ತಿಳಿಸುತ್ತಲೇ ಇದ್ದರು. ಪಲ್ಲವಿಗೆ ಇದೆಲ್ಲ ಸಾಕುಸಾಕಾಗಿತ್ತು. ಒಂದು ಭಾನುವಾರ ನಮ್ಮ ಮನೆಗೆ ಬಂದಾಗ ಹೇಳಿಯೇಬಿಟ್ಟಳು.

"ಮಾವ, ಇನ್ನ್ ಒಂದೇ ಸಲ. ನೀವ್ ಹುಡ್ಕಿ. ಅದೂ ಸರಿ ಆಯ್ಲಿಲ್ಲೆ ಅಂದ್ರೆ ವರ್ಷ ಪೂರ್ತಿ ಯಾರೂ ನನ್ ಹತ್ರ ಮದಿ ಸುದ್ದಿ ಎತ್ತುಕಾಗ."

ಅಕ್ಕ ನನ್ನ ಕೈ ಹಿಡಿದುಕೊಂಡಳು. "ತಂದಿ ಇಲ್ದಿದ್ ಹುಡ್ಗಿ. ನೀನ್ ಸೋದರಮಾವ. ಹಾಳ್ ಮಾಡ್ಬೇಡ ಮಾರಾಯ." ಅವಳ ಕಣ್ಣಲ್ಲಿ ನೀರಿತ್ತು. ನನ್ನ ಎದೆಯೂ ತುಂಬಿ ಬಂತು. ತುಂಬಿದ ಎದೆಯಿಂದಲೇ ಲ್ಯಾಪ್‌ಟಾಪ್ ತೆರೆದೆ.

"ಷರತ್ತುಗಳನ್ನು ಹೇಳು," ಎಂದೆ, ಕೋರ್ಟಿನ ಬರಹಗಾರನಂತೆ.

ಹುಡುಗಿ ಪಾಪ ದೊಡ್ಡದೇನೂ ಕೇಳಲಿಲ್ಲ. ಮದುವೆ ಆಗಿರಬಾರದು, ಅದು ಇದ್ದದ್ದೇ. ವಯಸ್ಸು ಮೂವತ್ತೆರಡರ ಆಸುಪಾಸು. ಚೆನ್ನಾಗಿ ಓದಿರಬೇಕು. ಊರಲ್ಲೇ ಕೆಲಸ ಇರಬೇಕು. ಕುಡಿಯಬಾರದು. ಅಡುಗೆ ಬಂದರೆ ಒಳ್ಳೆಯದು.

ಆರು ಷರತ್ತು ಹೊಡೆದು ಗುಂಡಿ ಒತ್ತಿದೆ. ಯಂತ್ರ ಸ್ವಲ್ಪ ಹೊತ್ತು ತಿರುಗಿತು. ಒಂದೇ ಒಂದು ಮನೆ ಬಂತು. ಉಪ್ಪುಂದ, ಹೊಸಮನೆ. ಓದಿನ ಕಂಬದಲ್ಲಿ ಎಂ.ಟೆಕ್. ಅದರ ಮುಂದೆ ಆರು ಹಸಿರು ಟಿಕ್ಕು. ಆರಕ್ಕೆ ಆರು! ಪರೀಕ್ಷೆಯಲ್ಲಿ ನನಗೆ ಎಂದೂ ಬಾರದ ಅಂಕ ಅದು.

"ಹೆಸ್ರ್ ಎಂತ ಹುಡ್ಗಂದ್?" ಶಾರದೆ ಕೇಳಿದಳು.

ಹೆಸರಿನ ಕಂಬದಲ್ಲಿ ಮೂರು ಗಂಡು ಹೆಸರಿದ್ದವು. ನಾರಾಯಣ, ಚಂದ್ರ, ಪ್ರಸಾದ. ಈ ಕಾಲದ ಹೆಸರು ಪ್ರಸಾದ ಒಂದೇ. "ಪ್ರಸಾದ," ಎಂದೆ, ಅನುಮಾನವಿಲ್ಲದೆ.

"ಉಪ್ಪುಂದಂಗೆ ನಮ್ ಶಾಲಿ ಗಿರಿಜಾ ಟೀಚರ್ ತವ್ರಮನಿ ಇತ್ತ್. ಒಂದ್ ಫೋನ್ ಮಾಡಿ ಕೇಣ್ತೆ."

"ಬೇಡ," ಎಂದೆ. "ಬಾಯಿಮಾತಿನ ಕಾಲ ಮುಗಿಯಿತು ಶಾರದೆ. ಇದು ದಾಖಲೆ."

ಅವಳು ನನ್ನನ್ನು ಒಂದು ಗಳಿಗೆ ನೋಡಿ, ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದಳು. ಗಣಿತ ಟೀಚರುಗಳು ತಪ್ಪು ಉತ್ತರ ಬರೆಯುತ್ತಿರುವ ಹುಡುಗನನ್ನು ಹಾಗೆ ನೋಡುತ್ತಾರೆ.

ನಾನೇ ಉಪ್ಪುಂದಕ್ಕೆ ಫೋನು ಮಾಡಿದೆ.

"ಹೊಸ್ಮನಿ ನಾರಾಯಣ ಮಾತಾಡುದ್. ಯಾರ್?" ಎಂದಿತು ಆ ಕಡೆಯ ದನಿ.

ನಾನು ಗಂಟಲು ಸರಿಮಾಡಿಕೊಂಡು ಗ್ರಾಂಥಿಕಕ್ಕೆ ಏರಿದೆ. "ತಮ್ಮ ಮನೆಯಲ್ಲಿ ವಿವಾಹಯೋಗ್ಯ ವರರೊಬ್ಬರು ಇರುವುದಾಗಿ ಸಂಘದ ದಾಖಲೆಯಿಂದ ತಿಳಿದುಬಂದಿದೆ. ನಮ್ಮ ಅಕ್ಕನ ಮನೆಯ ಸಂಬಂಧದ ವಿಷಯವಾಗಿ ತಮ್ಮಲ್ಲಿಗೆ ಬರಬೇಕೆಂದಿದ್ದೇವೆ."

ಅವರು ಒಳಗಿನವರನ್ನು ಯಾರನ್ನೋ ಕೂಗಿ ಕರೆದು, ಮತ್ತೆ ಫೋನಿಗೆ ಬಂದರು.

"ಇದ್ದ ಮರಾಯ್ರೆ, ಇದ್ದ. ನಾವ್ ಆಸಿ ಬಿಟ್ಟ್ ಕೂಕಂಡಿತ್. ಅಲ್ಲ, ಹೆಣ್ಣಿಗ್ ವಯಸ್ ಎಷ್ಟ್?"

"ವಯಸ್ಸಿನ ಹೊಂದಾಣಿಕೆ ಕಂಪ್ಯೂಟರ್ ನೋಡಿ ಆಗಿದೆ. ತಾವು ಆ ಬಗ್ಗೆ ಚಿಂತಿಸಲೇಬೇಡಿ."

"ಕಂಪ್ಯೂಟರ್ ಕಂಡಿತ್ ಅಂದ್ರೆ ಸರಿಯೇ. ಬನಿ, ಖಂಡಿತ ಬನಿ. ಶುಕ್ರವಾರವೇ ಬನಿ."

ಮೂವತ್ತೆರಡಕ್ಕೇ ಆಸೆ ಬಿಟ್ಟರಲ್ಲ, ಎಷ್ಟು ಸಂಕೋಚದ ಜನ ಎಂದುಕೊಂಡೆ. ಸಂಕೋಚದ ಮನೆಗೆ ಹೆಣ್ಣು ಕೊಡಬೇಕು ಎಂದು ಅಕ್ಕನಿಗೂ ಹೇಳಿದೆ.

ಕ್ರಮದ ಪ್ರಕಾರ ಮೊದಲ ಸಲ ಹಿರಿಯರು ಮಾತ್ರ ಹೋಗಿ ಮನೆ ನೋಡಿ ಬರುವುದು. ಆದರೆ ಇದ್ದದ್ದು ಒಂದೇ ಅವಕಾಶ. ಎರಡು ಸಲ ಹೋಗಿ ಯಾಕೆ ಸಮಯ ಹಾಳು ಮಾಡುವುದು, ಹುಡುಗಿಯೂ ಬರಲಿ ಎಂದು ನಾನೇ ಸೂಚಿಸಿದೆ. ಯಂತ್ರ ಇಷ್ಟು ಖಚಿತವಾಗಿ ಹೇಳಿದ ಮೇಲೆ ನಾವು ಅನುಮಾನಿಸಿದರೆ ಅದಕ್ಕೆ ಅವಮಾನ.

ಶುಕ್ರವಾರ ಶಾರದೆ ಕಾರು ಬಿಟ್ಟಳು. ನನಗೆ ಡ್ರೈವಿಂಗ್ ಬರುವುದಿಲ್ಲ ಎಂದಲ್ಲ, ನಾನು ಬಿಟ್ಟರೆ ಯಾರೂ ಕೂರುವುದಿಲ್ಲ. ಅಕ್ಕ ತನ್ನ ಒಳ್ಳೆಯ ರೇಷ್ಮೆ ಸೀರೆ ಉಟ್ಟಿದ್ದಳು. ಮದುವೆಗೆ ಹೋಗುವವಳಂತೆ ಕಾಣುತ್ತಿದ್ದಳು. ಪಲ್ಲವಿ ಮಾತ್ರ ಆಸ್ಪತ್ರೆಯಿಂದ ಅರ್ಧ ರಜೆ ಹಾಕಿ, ದಿನಾ ಹಾಕುವ ಹತ್ತಿಯ ಚೂಡಿದಾರದಲ್ಲೇ ಹತ್ತಿ ಕೂತಳು. ಹೆಮ್ಮಾಡಿಯಲ್ಲಿ ಸೇವಂತಿಗೆ ಮಾಲೆ ಕೊಂಡೆವು. ಮರವಂತೆ ಬಂದಾಗ, ಒಂದು ಪಕ್ಕ ಕಡಲು, ಒಂದು ಪಕ್ಕ ಹೊಳೆ, ನಡುವೆ ನನ್ನ ಭಾಷಣ. ಹಿಂದಿನ ಕಾಲದಲ್ಲಿ ಜನ ಎಷ್ಟು ಚಪ್ಪಲಿ ಸವೆಸುತ್ತಿದ್ದರು, ಈಗ ವಿಜ್ಞಾನ ಹೇಗೆ ಒಂದೇ ಗುಂಡಿಯಲ್ಲಿ ಮುಗಿಸುತ್ತದೆ ಎಂದು ವಿವರಿಸುತ್ತ ಹೋದೆ.

"ಮಾವ, ಸ್ವಲ್ಪ ಕಡ್ಲ್ ಕಾಂಬ," ಎಂದಳು ಪಲ್ಲವಿ.

ಉಪ್ಪುಂದದ ಹೊಸಮನೆ ನಮ್ಮನ್ನು ಬರಮಾಡಿಕೊಂಡ ರೀತಿ ನೋಡಿ ನನಗೇ ಗಾಬರಿಯಾಯಿತು. ಅಂಗಳ ಗುಡಿಸಿ ನೀರು ಹಾಕಿದ್ದರು. ಪಕ್ಕದ ಮನೆಯ ನಾಲ್ಕು ಹೆಂಗಸರು ಬೇಲಿಯ ಹತ್ತಿರ ಏನೋ ಕೆಲಸವಿದ್ದವರಂತೆ ನಿಂತಿದ್ದರು. ನಾರಾಯಣಣ್ಣ ಮತ್ತು ಅವರ ಹೆಂಡತಿ ಲಲಿತಕ್ಕ ಬಾಗಿಲಿಗೆ ಬಂದು ಕೈ ಮುಗಿದರು. ಚಾವಡಿಯ ಮೂಲೆಯಲ್ಲಿ ಅವರ ಮುದಿ ತಾಯಿ ಕುರ್ಚಿಯಲ್ಲಿ ಕೂತು ನಮ್ಮನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದರು. ಬೆಲ್ಲ, ನೀರು ಬಂತು.

"ಕೂಕಣಿ, ಕೂಕಣಿ. ಅವ ಮೀವ್ಕ್ ಹೋಯ್ದ. ಈಗ ಬತ್ತ," ಎಂದರು ನಾರಾಯಣಣ್ಣ. "ಬೆಳ್ಗಿಂದ ಎರಡ್ ಸಲ ಮಿಂದ."

ಶುಚಿಯಾದ ಹುಡುಗ ಎಂದು ನಾನು ಅಕ್ಕನಿಗೆ ಕಣ್ಣಲ್ಲೇ ಹೇಳಿದೆ.

ಒಳಗಿನಿಂದ ಒಬ್ಬ ಚುರುಕಾದ ಹುಡುಗಿ ಗೋಳಿಬಜೆಯ ತಟ್ಟೆ ತಂದಿಟ್ಟಳು. ಕುತ್ತಿಗೆಯಲ್ಲಿ ಕರಿಮಣಿ ಇತ್ತು.

"ಇದ್ ನಮ್ ಸೊಸಿ, ಅಶ್ವಿನಿ. ಎಂ.ಟೆಕ್ ಮಾಡ್ಕಂಡಿತ್. ಬೈಂದೂರಂಗೆ ಕಾಲೇಜ್ ಕೆಲ್ಸ," ಎಂದರು ಲಲಿತಕ್ಕ ಹೆಮ್ಮೆಯಿಂದ.

ಮನೆಯಲ್ಲಿ ಇಬ್ಬಿಬ್ಬರು ಎಂ.ಟೆಕ್ ಎಂದು ನನಗೆ ಸಂತೋಷವಾಯಿತು. ಆದರೆ ಆರರಲ್ಲಿ ಒಂದು ಟಿಕ್ಕು ಮೆಲ್ಲನೆ ಅಲುಗಾಡಿತು.

"ಪ್ರಸಾದ್ ಎಂ.ಟೆಕ್ ಎಲ್ಲ್ ಮಾಡದ್?" ಎಂದು ಕೇಳಿದೆ.

"ಪ್ರಸಾದನಾ? ಅವ ಪಿಯುಸಿಗೇ ಸಾಕ್ ಅಂದ. ಮುಂಬೈಯಂಗೆ ಹೋಟ್ಲ್ ಇತ್ತಲೆ ಅವಂದ್. ಇದ್ರ್ ಗಂಡ ಅಲ್ದಾ ಅವ," ಎಂದರು ನಾರಾಯಣಣ್ಣ, ಸೊಸೆಯ ಕಡೆ ತೋರಿಸುತ್ತ.

ಶಾರದೆ ಗೋಳಿಬಜೆಯನ್ನು ಬಾಯಿಗೆ ಒಯ್ಯುತ್ತಿದ್ದವಳು ಅಲ್ಲೇ ನಿಲ್ಲಿಸಿದಳು. ಪಲ್ಲವಿ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಅಷ್ಟರಲ್ಲಿ ಲಲಿತಕ್ಕ ಅಕ್ಕನ ಪಕ್ಕದಲ್ಲಿ ಬಂದು ಕೂತು, ಬಹಳ ಪ್ರೀತಿಯಿಂದ ಅವಳ ಕೈ ಹಿಡಿದರು. "ನಿಮ್ಗೆ ಅವನತ್ರ ಎಂತಾರೂ ಕೇಣುಕಿದ್ರೆ ಕೇಣಿ ಅಕಾ. ನಾಚ್ಕಿ ಬ್ಯಾಡ. ಈ ಪ್ರಾಯದಂಗೆ ಎಂತಾ ನಾಚ್ಕಿ."

ಅಕ್ಕ ತನ್ನ ಕೈಯನ್ನು ನೋಡಿಕೊಂಡಳು, ಸೀರೆಯನ್ನು ನೋಡಿಕೊಂಡಳು, ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ಅವಳ ಹೊಸ ಸ್ಲೇಟನ್ನು ನಾನು ಬಾವಿಗೆ ಹಾಕಿದ ದಿನ ಇದೇ ನೋಟ ನೋಡಿದ್ದಳು. ಆ ದಿನ ಓಡಿಹೋಗಲು ಹಿತ್ತಿಲಿತ್ತು.

ಆಗ ವರ ಬಂದರು.

ಐವತ್ತಾರು, ಐವತ್ತೇಳು ವಯಸ್ಸಿರಬಹುದು. ಬಿಳಿ ಅಂಗಿಯಲ್ಲಿ ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ. ಆಗಷ್ಟೇ ಗಡ್ಡ ತೆಗೆದ ಕೆನ್ನೆಯಲ್ಲಿ ಒಂದು ಸಣ್ಣ ಗಾಯ. ಚಾವಡಿಯೆಲ್ಲ ಸಾಬೂನಿನ ಪರಿಮಳ. ನಾರಾಯಣಣ್ಣನ ತಮ್ಮ ಚಂದ್ರಣ್ಣ. ಉಪ್ಪುಂದದಲ್ಲೇ ಚಿಕ್ಕ ಬಟ್ಟೆಯಂಗಡಿ. ತಂಗಿಯರ ಮದುವೆ ಮಾಡುತ್ತ ಮಾಡುತ್ತ ಇವರ ಮದುವೆಯ ಕಾಲ ದಾಟಿಹೋಗಿತ್ತಂತೆ. ಮನೆಯವರು ಆಸೆ ಬಿಟ್ಟದ್ದು ಇವರ ಮೇಲೆ.

ಚಂದ್ರಣ್ಣ ಎಲ್ಲರಿಗೂ ಕೈ ಮುಗಿದು, ಕುರ್ಚಿಯ ತುದಿಯಲ್ಲಿ ಕೂತರು. ನಾನು ಗೋಳಿಬಜೆಯ ತಟ್ಟೆಯನ್ನು ಅವರ ಕಡೆ ದೂಡಿದೆ.

ಶಾರದೆಯೇ ಮೆಲುದನಿಯಲ್ಲಿ ಹೇಳಿದಳು. "ನಮ್ದ್ ಒಂದ್ ತಪ್ಪಾಯ್ತ್. ನಾವ್ ಬಂದದ್ದ್ ಈ ಹುಡ್ಗಿಗ್ ಗಂಡ್ ಕಾಂಬುಕೆ. ಇವ್ರ್ ಕಂಪ್ಯೂಟರಂಗೆ ಎಂತದೋ ಗಡ್ಬಡ್ ಆಯ್ತ್ ಕಾಣ್ತ್."

ಬೇಲಿಯ ಹೆಂಗಸರು ಇನ್ನೊಂದು ಹೆಜ್ಜೆ ಹತ್ತಿರ ಬಂದರು. ಚಂದ್ರಣ್ಣ ಪಲ್ಲವಿಯನ್ನು ನೋಡಿದರು, ಅಕ್ಕನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ನಾನು ಸಿದ್ಧನಾದೆ.

"ಹ್ವಾಯ್, ನೀವ್ ಬೇಜಾರ್ ಮಾಡ್ಕಣ್ಬೇಡಿ," ಎಂದರು. "ನನ್ನ ಕಾಂಬುಕೆ ಅಂದೇಳಿ ಒಂದ್ ಕಾರ್ ಬಂದದ್ದೇ ಇದ್ ಮೊದ್ಲ್. ಬಜಿ ತಣಿತ್ತ್, ತಿನ್ನಿ."

ಹೇಳಿ ನಕ್ಕರು. ಆ ನಗು ನೋಡಿ ನನಗೆ ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆಯಾಯಿತು. ಒಬ್ಬ ಒಳ್ಳೆಯ ಮನುಷ್ಯನನ್ನು ಎರಡೆರಡು ಸಲ ಸ್ನಾನ ಮಾಡಿಸಿ, ಹೊಸ ಅಂಗಿ ಹಾಕಿಸಿ ಕೂರಿಸಿದ್ದೆನಲ್ಲ ಎಂದು ನಿಜವಾಗಿಯೂ ಸಂಕಟವಾಯಿತು. ತಮಾಷೆಯಲ್ಲ.

ಪಲ್ಲವಿ ಮೊದಲು ಕೆಮ್ಮಿದಳು. ಆಮೇಲೆ ದುಪ್ಪಟ್ಟಾ ಬಾಯಿಗೆ ಒತ್ತಿಕೊಂಡಳು. ಆಮೇಲೆ ತಡೆಯಲಾರದೆ ನಕ್ಕೇಬಿಟ್ಟಳು. ಅವಳು ನಕ್ಕದ್ದು ನೋಡಿ ಅಶ್ವಿನಿ ನಕ್ಕಳು, ಚಂದ್ರಣ್ಣ ಮತ್ತಷ್ಟು ನಕ್ಕರು, ಕೊನೆಗೆ ಅಕ್ಕನೂ ಸೀರೆಯ ಸೆರಗು ಕಚ್ಚಿಕೊಂಡು ನಕ್ಕಳು. ನಗದೆ ಉಳಿದವರು ನಾನು ಮತ್ತು ಆ ಅಜ್ಜಿ.

ನನಗೆ ಆಗಲೂ ಬುದ್ಧಿ ಬಂದಿರಲಿಲ್ಲ. ಯಂತ್ರದ ಮಾನ ಉಳಿಸಲು ಕೊನೆಯ ಪ್ರಯತ್ನ ಮಾಡಿದೆ. "ಅಲ್ಲ ನಾರಾಯಣಣ್ಣ, ಅಡ್ಗಿ ಬತ್ತ್ ಅಂದೇಳಿ ಬರ್ದದ್ದ್ ಯಾರಿಗೆ?"

"ನಂಗೆ. ನಾನ್ ಮದಿ ಅಡ್ಗಿಗ್ ಹೋಪುದಲ್ದಾ. ಇವತ್ತಿನ್ ಬಜಿಯೂ ನಂದೇ."

"ಮತ್ತೆ, ಕುಡುದಿಲ್ಲ ಅಂದೇಳಿ ಬರ್ದದ್ದ್?"

ನಾರಾಯಣಣ್ಣ ಮೂಲೆಯ ಕುರ್ಚಿಯ ಕಡೆ ಕೈ ತೋರಿಸಿದರು. "ಅದ್ ನಮ್ ಅಮ್ಮಂದ್. ಉಳ್ದವ್ರದ್ದ್ ಖಾಲಿ ಬಿಟ್ಟದ್."

ಅಜ್ಜಿ ಗಂಭೀರವಾಗಿ ತಲೆಯಾಡಿಸಿದರು. "ಚಾ ಮಾತ್ರ," ಎಂದರು.

ಹೀಗೆ ಉಪ್ಪುಂದದ ಆ ಚಾವಡಿಯಲ್ಲಿ ನನ್ನ ಆರು ಟಿಕ್ಕುಗಳೂ ಬೇರೆ ಬೇರೆ ಕುರ್ಚಿಗಳಲ್ಲಿ ಕೂತಿದ್ದವು. ಒಂದು ಮಾತ್ರ ಮುಂಬೈಯಲ್ಲಿತ್ತು. ಓದು ಮತ್ತು ಊರಿನ ಕೆಲಸ ಸೊಸೆಯದು, ಮೂವತ್ತೆರಡು ವರ್ಷ ಮಗನದು, ಅಡುಗೆ ಅಪ್ಪನದು, ಮದ್ಯವರ್ಜನೆ ಅಜ್ಜಿಯದು, ಬ್ರಹ್ಮಚರ್ಯ ಚಂದ್ರಣ್ಣನದು. ಯಂತ್ರ ಸುಳ್ಳು ಹೇಳಿರಲಿಲ್ಲ. ಈ ಆರೂ ಆ ಮನೆಯಲ್ಲಿವೆಯೇ ಎಂದು ನಾನು ಕೇಳಿದ್ದೆ, ಇವೆ ಎಂದು ಅದು ಹೇಳಿತ್ತು. ಒಬ್ಬನಲ್ಲೇ ಇವೆಯೇ ಎಂದು ಅದೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಇಡೀ ಕುಟುಂಬವನ್ನು ಮದುವೆಯಾಗುವುದಿದ್ದರೆ ಪಲ್ಲವಿಗೆ ಇದಕ್ಕಿಂತ ಒಳ್ಳೆಯ ಸಂಬಂಧ ಸಿಗುತ್ತಿರಲಿಲ್ಲ.

ನಾವು ಒಂದು ಗಂಟೆ ಹೆಚ್ಚೇ ಕೂತೆವು. ಚಂದ್ರಣ್ಣನಿಗೆ ಬಟ್ಟೆಯ ಥಾನು ಎತ್ತಿ ಎತ್ತಿ ಭುಜ ನೋವಂತೆ. ಪಲ್ಲವಿ ಅವರನ್ನು ಗೋಡೆಯ ಹತ್ತಿರ ನಿಲ್ಲಿಸಿ ಕೈ ಎತ್ತಿಳಿಸುವ ವ್ಯಾಯಾಮ ಹೇಳಿಕೊಟ್ಟಳು. ಹೊಸ ಅಂಗಿಯ ತೋಳು ಅಡ್ಡ ಬರುತ್ತಿತ್ತು. ಅವರು ಮೇಲಕ್ಕೆ ಮಡಚಿಕೊಂಡು ಶ್ರದ್ಧೆಯಿಂದ ಮಾಡಿದರು.

"ನಿಂಗ್ ಎಂಥ ಗಂಡ್ ಬೇಕ್ ಮಗಾ?" ಎಂದು ಕೇಳಿದರು, ಕೈ ಮೇಲಿಟ್ಟುಕೊಂಡೇ.

ಪಲ್ಲವಿ ಅದೇ ಆರು ಷರತ್ತು ಹೇಳಿದಳು. ಅವರು ಕೇಳಿಸಿಕೊಂಡರು. ಗುಂಡಿ ಗಿಂಡಿ ಏನೂ ಒತ್ತಲಿಲ್ಲ.

ಆಮೇಲೆ ವಾಪಸ್ಸು ಹೊರಟೆವು. ಮರವಂತೆಯಲ್ಲಿ ಕಡಲು ತನ್ನಷ್ಟಕ್ಕೆ ಇತ್ತು. ತ್ರಾಸಿ ಬಂದಾಗ ಅಕ್ಕ ಮಾತು ತೆಗೆದಳು.

"ನಂಗ್ ಅರವತ್ತೆರಡ್ ವರ್ಷ ಮಾರಾಯ. ನನ್ನ ಕರ್ಕಂಡ್ ಹೋಯ್ ಗಂಡ್ ತೋರ್ಸ್ದ್ಯಲ್ಲ."

"ಅಮ್ಮ, ಗಂಡ್ ಒಳ್ಳೇದಿತ್ತ್," ಎಂದಳು ಪಲ್ಲವಿ. ಅಕ್ಕ ಅವಳ ತೊಡೆಗೆ ಒಂದು ಕೊಟ್ಟಳು. ಆಮೇಲೆ ಪಲ್ಲವಿ ನನ್ನ ಕಡೆ ಬಗ್ಗಿ ಹೇಳಿದಳು. "ಮಾವ, ನನ್ ಒಂದ್ ಸಲ ಮುಗಿತ್. ಇನ್ನ್ ವರ್ಷ ಪೂರ್ತಿ ಸುದ್ದಿ ಇಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಅವಳು ನಂಬಿ ಕೊಟ್ಟ ಒಂದೇ ಅವಕಾಶವನ್ನು ನಾನು ಗೋಳಿಬಜೆಯ ಜೊತೆ ತಿಂದು ಬಂದಿದ್ದೆ.

ಮರುದಿನದಿಂದ ಕೂತು ಎಲ್ಲ ಮನೆಗಳನ್ನೂ ಒಡೆದೆ. ಇದು ಕೆಟ್ಟ ಅರ್ಥದಲ್ಲಲ್ಲ. ಒಂದು ಮನೆಗೆ ಒಂದು ಸಾಲಿದ್ದದ್ದನ್ನು ಒಬ್ಬೊಬ್ಬರಿಗೆ ಒಂದೊಂದು ಸಾಲು ಮಾಡಲು ಹೊರಟೆ. ಉಪ್ಪುಂದದಿಂದಲೇ ಶುರು ಮಾಡಿದೆ. ಎಷ್ಟೋ ಮನೆಗಳು, ಕೈಬರಹ ನೋಡಿದರೆ ತಲೆ ತಿರುಗುತ್ತದೆ, ಇನ್ನೂ ನಡೆಯುತ್ತಿದೆ.

ಅದರ ಮಧ್ಯೆ ಒಂದು ದಿನ ಚಂದ್ರಣ್ಣನ ಫೋನು ಬಂತು.

"ಹ್ವಾಯ್, ಭುಜ ಈಗ ಭಾರಿ ಹಗುರ ಆಯ್ತ್, ಹುಡ್ಗಿ ಹತ್ರ ಹೇಳಿ. ಮತ್ತೆ ಒಂದ್ ಸುದ್ದಿ. ಬೈಂದೂರಂಗೆ ನನ್ ಸ್ನೇಹಿತನ್ ಮಗ ಇದ್ದ, ವಿವೇಕ ಅಂದೇಳಿ. ಇಂಜಿನಿಯರಿಂಗ್ ಮಾಡ್ಕಂಡ್ ಊರಂಗೇ ಸೋಲಾರ್ ಹಾಕು ಕೆಲ್ಸ ಮಾಡ್ತ. ಮೂವತ್ತೆರಡೋ ಮೂವತ್ತಮೂರೋ. ಕುಡುದಿಲ್ಲ. ಅಡ್ಗಿ ನಮ್ಮ ಅಣ್ಣಯ್ಯನ ಹತ್ರ ಕಲ್ತದ್ದ್."

ನಾನು ಉಸಿರು ಬಿಗಿಹಿಡಿದು ಕೇಳಿದೆ. "ಚಂದ್ರಣ್ಣ, ಇದೆಲ್ಲ ಒಬ್ಬನೇಯಾ?"

"ಒಬ್ಬನೇ ಮರಾಯ್ರೆ. ಕಣ್ಣಾರೆ ಕಂಡಿದ್ದೆ."

"ಮದಿ ಆಗದಿದ್ದವನೂ ಅವನೇಯಾ?"

"ಹೌದ್ ಅಂಬೆ."

ಪಲ್ಲವಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಶಾರದೆ ಹೇಳಿದಳು. ಪಲ್ಲವಿ, "ಚಂದ್ರಣ್ಣ ಹೇಳದ್ದ್ ಅಂದ್ರೆ ಒಂದ್ ಸಲ ಕಾಂಬ," ಎಂದಳು. ವರ್ಷ ಪೂರ್ತಿಯ ಶಪಥ ಒಂದೇ ತಿಂಗಳಲ್ಲಿ ಮುರಿಯಿತು, ಅದೂ ನನ್ನಿಂದಲ್ಲ. ಕುಂದಾಪುರದಲ್ಲಿ ಶಾರದೆಯನ್ನು ಜೊತೆಗಿಟ್ಟುಕೊಂಡು ಹುಡುಗನನ್ನು ನೋಡಿ ಮಾತಾಡಿ ಬಂದಳು. ಆಮೇಲೆ ಶಾರದೆಯನ್ನು ಬಿಟ್ಟು ಇನ್ನೊಂದು ಸಲ ಮಾತಾಡಿ ಬಂದಳು. ಅಕ್ಕನಿಗೆ ಒಳ್ಳೆಯ ನಿದ್ದೆ ಬರತೊಡಗಿತು.

ಹುಡುಗನ ಕಡೆಯವರು ಕ್ರಮದಂತೆ ಹುಡುಗಿಯ ಸೋದರಮಾವನ ಮನೆಯ ವಿವರ ಕೇಳಿದರು. ಇದಂತೂ ನನ್ನದೇ ಇಲಾಖೆ. ಒಡೆಯುವ ಕೆಲಸ ಬೀಜಾಡಿಗೆ ಇನ್ನೂ ಮುಟ್ಟಿರಲಿಲ್ಲ. ನಮ್ಮ ಮನೆಯ ಹಳೆಯ ಸಾಲು ಹಾಗೆಯೇ ಇತ್ತು. ಅದನ್ನೇ ತೆಗೆದು ಪ್ರಿಂಟ್ ಹಾಕಿದೆ. ಮೇಲುಗಡೆ ಯಜಮಾನ ಎಂದು ನನ್ನ ಹೆಸರು. ಅದರ ಕೆಳಗೆ ಎಂ.ಎ., ಬಿ.ಎಡ್., ಸರ್ಕಾರಿ ಕೆಲಸ, ಸ್ವಂತ ಕಾರು, ಒಳ್ಳೆಯ ಅಡುಗೆ, ಭಜನೆಯಲ್ಲಿ ಆಸಕ್ತಿ, ಕುಡಿಯುವುದಿಲ್ಲ, ಕಂಪ್ಯೂಟರ್ ಪರಿಣತಿ. ಓದಿ ನೋಡಿದರೆ ನನ್ನ ಮೇಲೆ ನನಗೇ ಗೌರವ ಬಂತು.

ಪಲ್ಲವಿ ಕಾಗದ ಕೈಗೆ ತೆಗೆದುಕೊಂಡಳು. "ಮಾವ, ಇದ್ ಕಂಡ್ರೆ ಎಲ್ಲ ನಿಮ್ದೇ ಅಂದ್ಕಂತ್ರ್. ಎಂ.ಎ., ಬಿ.ಎಡ್. ಯಾರ್ದ್?"

"ನಿನ್ನ ಅತ್ತೆಯದು," ಎಂದೆ.

"ಸರ್ಕಾರಿ ಕೆಲ್ಸ?"

"ಅತ್ತೆಯದು."

ಕಾರು, ಅಡುಗೆ ಎರಡೂ ಅತ್ತೆಯ ಲೆಕ್ಕಕ್ಕೇ ಹೋದವು. ಭಜನೆ ನನ್ನ ಅಮ್ಮನದು. ಅವಳಿಗೆ ಎಂಬತ್ತಮೂರು, ದನಿ ಇನ್ನೂ ಗಟ್ಟಿ. ಪಲ್ಲವಿ ಒಂದೊಂದನ್ನೂ ಅದರದರ ಹೆಸರಿನ ಎದುರಿಗೆ ಪೆನ್ನಿನಲ್ಲಿ ಬರೆಯುತ್ತ ಹೋದಳು. ಕುಡಿಯುವುದಿಲ್ಲ ಎಂಬುದಕ್ಕೆ ಬಂದಾಗ ನಾನು ಎದೆಯುಬ್ಬಿಸಿದೆ.

"ನನ್ನ ತಮ್ಮನ್ ಮದಿ ದಿನ ನೆನ್ಪ್ ಮಾಡ್ಕಣಿ," ಎಂದಳು ಶಾರದೆ, ಒಳಗಿನಿಂದಲೇ. ಎದೆ ಇಳಿಯಿತು. ಅದೂ ಅಮ್ಮನ ಹೆಸರಿಗೆ ಹೋಯಿತು.

ಉಳಿದದ್ದು ಕಂಪ್ಯೂಟರ್ ಪರಿಣತಿ. ಅದು ನನ್ನದೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಶಾರದೆ ಹೊರಗೆ ಬಂದು ಕಾಗದ ನೋಡಿದಳು. "ಅದನ್ನ ಅಳ್ಸಿ ಕಳ್ಸಿ," ಎಂದಳು. "ಉಪ್ಪುಂದದ್ ಸುದ್ದಿ ಬೈಂದೂರಿಗೆ ಮುಟ್ಟಿತ್ತ್."

ಎರಡು ದಿನ ಬಿಟ್ಟು ಹುಡುಗನ ತಂದೆ ಫೋನು ಮಾಡಿದರು. ಶಾರದೆ ಎಲ್ಲರಿಗೂ ಕೇಳುವಂತೆ ಇಟ್ಟಳು. ಅಕ್ಕ, ಪಲ್ಲವಿ, ನಾನು ಸುತ್ತ ಕೂತಿದ್ದೆವು.

"ಎಲ್ಲ ಓದ್ದ್ಯೊ. ಭಾರಿ ಒಳ್ಳೆ ಮನಿ. ನಮ್ಗೆ ಒಪ್ಗಿ," ಎಂದರು ಅವರು. ಅಕ್ಕ ಕಣ್ಣೊರೆಸಿಕೊಂಡಳು. ಪಲ್ಲವಿ ಏನೂ ಆಗದವಳಂತೆ ಉಗುರು ನೋಡಿಕೊಂಡಳು. "ಒಂದೇ ಒಂದ್ ಕೇಣುಕಿತ್ತ್. ಹುಡ್ಗಿ ಅತ್ತಿದ್ದ್ ಇತ್ತ್, ಅಜ್ಜಿದ್ದ್ ಇತ್ತ್, ಎಲ್ಲ ವಿವರ ಇತ್ತ್. ಸೋದರಮಾವನ್ ಹೆಸ್ರಿನ್ ಎದ್ರ್ ಮಾತ್ರ ಎಂತದೂ ಇಲ್ಲೆ. ಅವ್ರ್ ಇದ್ರಾ?"

ಶಾರದೆ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಇದ್ರ್," ಎಂದಳು. "ಇಲ್ಲೇ ಕೂಕಂಡಿದ್ರ್."

ಆ ಸಂಜೆ ನಮ್ಮ ಮನೆಯ ಸಾಲನ್ನೂ ಒಡೆದು ಒಬ್ಬೊಬ್ಬರಿಗೆ ಒಂದೊಂದು ಮಾಡಿದೆ. ನನ್ನ ಹೆಸರಿನ ಎದುರಿಗೆ ಖಾಲಿ ಬಿಡಲು ಮನಸ್ಸು ಬರಲಿಲ್ಲ. 'ಇದ್ದಾರೆ' ಎಂದು ಹಾಕಿ ಹುಡುಕಿ ನೋಡಿದೆ. ಹಸಿರು ಟಿಕ್ಕು ಬಂತು.